ಆತನೇ ಈತ

ವಯನಾಡಿನಲ್ಲಿ ಕನ್ನಡ ಮನೆಮಾತಿನವರಾಗಿ ಹುಟ್ಟಿದರೆ ಒಂದು ಲಾಭವಿದೆ. ಒಂದು ಹೆಸರಿಟ್ಟರೆ ಎರಡಾಗುತ್ತದೆ. ತೊಟ್ಟಿಲಿಗೆ ಬಗ್ಗಿ ಅಜ್ಜ ಕೂಗಿದ್ದು ಒಂದಾದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಕೂತದ್ದು ಇನ್ನೊಂದು. ನನ್ನದು ‘ರಾಜ’ ಎಂದು ಮುಗಿಯುವ ಹೆಸರು. ಬತ್ತೇರಿ ಕಡೆಯ ನಮ್ಮ ಜೈನರ ಮನೆಗಳಲ್ಲಿ ಇಂಥ ರಾಜರು ಬೇಕಾದಷ್ಟಿದ್ದಾರೆ. ರಾಜ್ಯ ಯಾರಿಗೂ ಇಲ್ಲ, ಇರುವುದು ತುಂಡು ಕಾಫಿತೋಟ ಮತ್ತು ಅದರ ಮೇಲೊಂದು ಸಾಲ. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮಾಷ್ಟರು, ಸೀರೆಗೆ ಫಾಲ್ ಹೊಲಿದ ಹಾಗೆ, ಹೆಸರಿನ ಅಂಚಿಗೊಂದು ‘ನ್’ ಹೊಲಿದುಬಿಟ್ಟರು. ಹಾಗಿದ್ದರೇ ಅದು ನೆಟ್ಟಗೆ ಬೀಳುತ್ತದೆಂದು ಅವರಿಗೆ ಕಂಡಿರಬೇಕು. ಅಪ್ಪ ಎದುರಾಡಲಿಲ್ಲ. ಮಾಷ್ಟರ ಮುಂದೆ ಅಪ್ಪನದು ಯಾವಾಗಲೂ ತಲೆಯಾಡಿಸುವ ಸ್ವಭಾವ.

ಈ ‘ನ್’ ಬಹಳ ಕಾಲ ಯಾರ ಗೋಜಿಗೂ ಹೋಗದೆ ನನ್ನ ಜೊತೆ ಬಾಳಿಕೊಂಡು ಬಂತು. ಎಸ್ಸೆಸ್ಸೆಲ್ಸಿ ಪುಸ್ತಕ, ರೇಷನ್ ಕಾರ್ಡು, ಆಧಾರ್, ಎಲ್ಲದರಲ್ಲೂ ಇತ್ತು. ಮುತ್ತಂಗ ದಾಟಿ ಗುಂಡ್ಲುಪೇಟೆಯ ನೆಂಟರ ಕಡೆ ಹೊರಟರೆ ತಾನಾಗಿ ಉದುರುತ್ತಿತ್ತು. ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಹಾಕುತ್ತಾರೆ, ಅದರೊಳಗೆ ವಾಪಸು ಬಂದರೆ ‘ನ್’ ಮತ್ತೆ ಅಂಟಿಕೊಳ್ಳುತ್ತಿತ್ತು. ಆ ಕಡೆಯ ಲಗ್ನಪತ್ರಿಕೆಗಳಲ್ಲಿ, ಬಸದಿಯ ದಾನಿಗಳ ಪಟ್ಟಿಯಲ್ಲಿ ನಾನು ಅಚ್ಚ ರಾಜ. ಅಜ್ಜನ ಉಯಿಲಿನಲ್ಲೂ ಹಾಗೇ.

ಆ ಉಯಿಲು ಹಿಡಿದುಕೊಂಡು ಪೋಕ್ಕುವರವು ಮಾಡಿಸಲು, ಅಂದರೆ ಜಮೀನಿನ ಖಾತೆ ಬದಲಾಯಿಸಿಕೊಳ್ಳಲು ಹೋದಾಗಲೇ ನಾವಿಬ್ಬರು ಎಂಬುದು ಬಯಲಾದದ್ದು. ಕಾಗದ ನೋಡಿದ ಗುಮಾಸ್ತರು ಬಹಳ ವಿನಯವಂತರು. “ಅಜ್ಜ ಕೊಟ್ಟದ್ದು ಇವರಿಗೆ. ಆಧಾರ್ ನಿಮ್ಮದು. ಇವರನ್ನು ಯಾವಾಗ ಕರೆದುಕೊಂಡು ಬರುತ್ತೀರಿ?” ಎಂದು ಕೇಳಿದರು.

ಸರ್ಕಾರಿ ಅರ್ಜಿಗಳನ್ನು ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗಿ ನನಗೆ ಎರಡು ದಾರಿ ತೋರಿಸಿದಳು. ಕೇರಳದಲ್ಲಿ ಈ ಕೇಂದ್ರಗಳಿಲ್ಲದೆ ಹುಟ್ಟುವುದೂ ಕಷ್ಟ, ಸಾಯುವುದೂ ಕಷ್ಟ. “ಚೇಟ್ಟಾ, ಹೆಸರೇ ಬದಲಾಗಬೇಕಾದರೆ ಗೆಜೆಟ್. ಎರಡು ಹೆಸರೂ ಇರಲಿ ಅಂದರೆ ವನ್ ಆಂಡ್ ಸೇಮ್.” ಈ ವನ್ ಆಂಡ್ ಸೇಮ್ ಸರ್ಟಿಫಿಕೇಟು ನಮ್ಮ ಕಂದಾಯ ಇಲಾಖೆ ಕೊಡುವ ಒಂದು ತಾತ್ವಿಕ ದಾಖಲೆ. ಆ ಕಾಗದದವನೂ ಈ ಕಾಗದದವನೂ ಒಬ್ಬನೇ ಎಂದು ಅದು ಸಾರುತ್ತದೆ. ಅದ್ವೈತವನ್ನು ಇಷ್ಟು ಚುಟುಕಾಗಿ, ಅದೂ ಸೀಲು ಹಾಕಿ, ಹೇಳಿದವರನ್ನು ನಾನು ಕಂಡಿಲ್ಲ.

ಗೆಜೆಟ್ಟಿನದು ಬೇರೆ ಗತ್ತು. ಅರ್ಜಿ ತಿರುವನಂತಪುರದ ಸರ್ಕಾರಿ ಮುದ್ರಣ ಇಲಾಖೆಗೆ ಹೋಗುತ್ತದೆ. ವಾರಕ್ಕೊಮ್ಮೆ ಹೊರಡುವ ರಾಜ್ಯಪತ್ರದಲ್ಲಿ ನಿಮ್ಮ ಹಳೆಯ ಹೆಸರು, ಹೊಸ ಹೆಸರು, ವಿಳಾಸ ಎಲ್ಲ ಅಚ್ಚಾಗಿ ಬರುತ್ತವೆ. ಕಂಪ್ಯೂಟರಿನಲ್ಲಿ ಒಂದೆರಡು ಹಳೆಯ ಸಂಚಿಕೆ ತೆಗೆದು ನೋಡಿದೆ. ಕಾದಂಬರಿಗಿಂತ ಚೆನ್ನಾಗಿದೆ ಮಾರಾಯರೇ! ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡವರು, ಆಮೇಲೆ ಅದನ್ನು ಕಿತ್ತು ಹಾಕಿದವರು, ಮತ ಬದಲಾಯಿಸಿದವರು, ಇಂಗ್ಲಿಷಿನಲ್ಲಿ ಒಂದು ‘ಎ’ ಹೆಚ್ಚಿಗೆ ಬೇಕೆಂದವರು. ಆ ಒಂದು ‘ಎ’ ಹಿಂದೆ ಯಾವ ಜ್ಯೋತಿಷಿ ಇದ್ದಾನೋ!

ನನಗೂ ಆಸೆ ಹುಟ್ಟಿತು. ರಾಜ ಅಂದಮೇಲೆ ರಾಜ್ಯಪತ್ರದಲ್ಲಿ ಬರದಿದ್ದರೆ ಹೇಗೆ? ಹೆಂಡತಿಯ ಮುಂದೆ ಪ್ರಸ್ತಾಪಿಸಿದೆ. “ಆಯ್ತು ರೀ, ಬದಲಾಯಿಸಿಕೊಳ್ಳಿ. ಎಲ್ಲೈಸಿ ಪಾಲಿಸಿ ಯಾರ ಹೆಸರಲ್ಲಿದೆ? ನಾಮಿನಿ ನಾನು. ಹೋದವರು ಒಬ್ಬರು, ದುಡ್ಡು ಬರಬೇಕಾದ್ದು ಇನ್ನೊಬ್ಬರದು ಅಂತ ನನ್ನನ್ನ ಅಲೆದಾಡಿಸಿದರೆ? ಅದನ್ನ ಮೊದಲು ವಿಚಾರಿಸಿ,” ಎಂದಳು. ಅವಳಿಗೆ ನನ್ನ ಹೆಸರು ಬೇಕಾಗುವುದು ಈ ಒಂದು ಸಂದರ್ಭಕ್ಕೆ ಮಾತ್ರ ಎಂದು ಆಗ ತಿಳಿಯಿತು. ನಮ್ಮಮ್ಮನಿಗೆ ಅಷ್ಟೂ ಬೇಕಿರಲಿಲ್ಲ. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದರೆ ರೇಷನ್ ಕಾರ್ಡು ತಂದು ಬೆರಳು ಮಾಡುತ್ತಿದ್ದಳು.

ಕಾನೂನಿನ ಪ್ರಕಾರ ಹಕ್ಕಿಗೇನೂ ಕೊರತೆಯಿಲ್ಲ. 2020ರಲ್ಲಿ ಸಿಬಿಎಸ್‌ಇ ಸರ್ಟಿಫಿಕೇಟಿನ ಹೆಸರಿನ ಒಂದು ಮೊಕದ್ದಮೆಯಲ್ಲಿ ನಮ್ಮ ಕೇರಳ ಹೈಕೋರ್ಟು, ಹೆಸರಿರುವುದೂ ಅದನ್ನು ಬೇಕಾದ ಹಾಗೆ ಹೇಳಿಕೊಳ್ಳುವುದೂ ಸಂವಿಧಾನದ 19 ಮತ್ತು 21ನೇ ವಿಧಿಗಳಲ್ಲೇ ಬರುತ್ತದೆ ಎಂದಿತು. ಆದರೆ ಆಧಾರಿನವರು ಹುಷಾರು. ಹೆಸರು ತಿದ್ದಲು ಒಂದು ಜನ್ಮಕ್ಕೆ ಎರಡೇ ಅವಕಾಶ. ಚಂಚಲಚಿತ್ತರಿಗೆ ಇಷ್ಟಾದರೂ ಅಂಕುಶ ಬೇಕು.

ಸಿನಿಮಾದವರಿಗೆ ಈ ತಾಪತ್ರಯ ಕಾಣೆ. ಗಾಜನೂರಿನ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಆದರು. ಕರ್ನಾಟಕದಲ್ಲಿ ಅವರಿಗೆ ವನ್ ಆಂಡ್ ಸೇಮ್ ಕೇಳುವ ಧೈರ್ಯ ಯಾವ ಗುಮಾಸ್ತನಿಗಿತ್ತು? ಈ ಕಡೆ ಕಮಲಾ ದಾಸ್ ಮಲಯಾಳಂ ಕಥೆಗಳಿಗೆ ಮಾಧವಿಕ್ಕುಟ್ಟಿ, 1999ರಲ್ಲಿ ಮತಾಂತರವಾದ ಮೇಲೆ ಕಮಲಾ ಸುರಯ್ಯ. ನಮ್ಮ ಕಲ್ಪೆಟ್ಟದ ವೀರೇಂದ್ರಕುಮಾರ್ ಅವರನ್ನೇ ನೋಡಿ. ತಂದೆ ಪದ್ಮಪ್ರಭ ಗೌಡರ್, ಮಗನ ಹೆಸರಿನಲ್ಲಿ ಗೌಡರ್ ಇಲ್ಲ. ಆದರೂ ಕೇಂದ್ರದಲ್ಲಿ ಮಂತ್ರಿಯಾದರು, ‘ಮಾತೃಭೂಮಿ’ ಪತ್ರಿಕೆ ನಡೆಸಿದರು, ಎಲ್ಲೂ ಅಡಚಣೆಯಾದಂತಿಲ್ಲ.

ಊರಿಗೇ ಮೂರು ಹೆಸರಿರುವಾಗ ನನ್ನದೇನು ದೊಡ್ಡದು ಎನಿಸುವುದೂ ಉಂಟು. ನಮ್ಮವರ ಬಾಯಲ್ಲಿ ಬತ್ತೇರಿ ಒಂದು ಕಾಲಕ್ಕೆ ಹನ್ನೆರಡು ಬೀದಿ. ಗಣಪತಿವಟ್ಟಂ ಎಂದೂ ಇತ್ತು. ಟಿಪ್ಪು ಇಲ್ಲಿಯ ಜೈನ ಬಸದಿಯನ್ನು ಮದ್ದುಗುಂಡಿನ ಕೋಠಿ ಮಾಡಿಕೊಂಡದ್ದರಿಂದ ಸುಲ್ತಾನ್ಸ್ ಬ್ಯಾಟರಿಯಾಗಿ, ಸವೆದು ಸವೆದು ಬತ್ತೇರಿಯಾಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಗಣಪತಿವಟ್ಟವನ್ನೇ ವಾಪಸು ತರುವ ಮಾತು ಎದ್ದಿತ್ತು. ಇನ್ನು ರಾಜ್ಯದ ಕಥೆ. ಕೇರಳವನ್ನು ‘ಕೇರಳಂ’ ಮಾಡಬೇಕೆಂದು 2023ರ ಆಗಸ್ಟಿನಲ್ಲಿ ವಿಧಾನಸಭೆ ನಿರ್ಣಯ ಮಾಡಿ ಕಳಿಸಿತು. ಬರವಣಿಗೆಯಲ್ಲಿ ತಿದ್ದುಪಡಿ ಬೇಕೆಂದು ದೆಹಲಿಯಿಂದ ಬಂತು. 2024ರ ಜೂನಿನಲ್ಲಿ ಎರಡನೇ ಸಲ ನಿರ್ಣಯ ಮಾಡಿದರು. ಒಂದು ಸೊನ್ನೆ ಅಂಟಿಸಿಕೊಳ್ಳಲು ಸರ್ಕಾರಕ್ಕೇ ಹೀಗಾದರೆ ಒಂದು ‘ನ್’ ಕಳೆದುಕೊಳ್ಳಲು ಹೊರಟ ಬಡಪಾಯಿಯ ಗತಿಯೇನು?

ಕೊನೆಗೆ ಜಮೀನಿನ ಕೆಲಸ ನಿಲ್ಲುವುದು ಬೇಡವೆಂದು ಮೊದಲು ವನ್ ಆಂಡ್ ಸೇಮ್‌ಗೆ ಹಾಕಿದೆ. ವಿಲೇಜ್ ಆಫೀಸಿನವರು ಪಕ್ಕದ ಮನೆಯ ಚೇಟ್ಟನ್‌ರನ್ನು ವಿಚಾರಿಸಿದರು. ಅವರದು ಪಾಲಾ ಕಡೆಯಿಂದ ವಲಸೆ ಬಂದ ಮನೆತನ, ಸುಳ್ಳು ಹೇಳುವವರಲ್ಲ. ಬೇಲಿಗೆ ಒರಗಿ ನಿಂತು ಎರಡೂ ಹೆಸರನ್ನು ಕೇಳಿಸಿಕೊಂಡರು. “ಹೋದ ಮಕರದಲ್ಲಿ ಮೆಣಸು ಕೊಯ್ಯಲು ನನ್ನ ಬಿದಿರೇಣಿ ಒಯ್ದವನು ಒಬ್ಬನೇ ಸಾರ್. ಅವನನ್ನು ನೀವು ಏನಂತ ಬೇಕಾದರೂ ಬರೆದುಕೊಳ್ಳಿ,” ಎಂದರು. ಅಷ್ಟು ಸಾಕಾಯಿತು. ಸರ್ಟಿಫಿಕೇಟು ಬಂತು.

ಗೆಜೆಟ್ಟಿನ ಅರ್ಜಿಗೆ ಸಾಕ್ಷಿ ರುಜು ಹಾಕಲು ಮೊನ್ನೆ ಅವರನ್ನೇ ಕರೆದೆ. ಕನ್ನಡಕ ಹಾಕಿಕೊಂಡು ಕಾಗದವನ್ನು ಮೇಲಿನಿಂದ ಕೆಳಗೆ ಓದಿದರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

“ಮೊದಲು ಏಣಿ ತಂದಿಡು. ಆಮೇಲೆ ಅದು ಹಳೇ ಹೆಸರಿನ ಬಾಕಿ ಅನ್ನಬೇಡ.”