ಹುಲಸೂರ–ಮ್ಯಾಡ್ರಿಡ್ ಶಿಶುಸಂಕ್ರಮಣ ಮೀಮಾಂಸೆ

ವಿದೇಶಗಮನ ಶಾಸ್ತ್ರವು ಇಂದಿಗೂ ಅಮೆರಿಕ, ಇಂಗ್ಲೆಂಡು, ದುಬೈಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಬೀದರ ಜಿಲ್ಲೆಯ ಹುಲಸೂರಿನಿಂದ ಎರಡು ಎಳೆಮಕ್ಕಳನ್ನು ಕಟ್ಟಿಕೊಂಡು ಸ್ಪ್ಯಾನಿಷ್ ಆಡುವ ದೇಶಕ್ಕೆ ಹೋಗಿ ಸಂಸಾರ ಹೂಡುವುದು ಹೇಗೆಂಬ ಗಹನ ಪ್ರಶ್ನೆಯನ್ನು ಪೂರ್ವಸೂರಿಗಳು ಮುಟ್ಟಿದಂತಿಲ್ಲ. ವಿಜ್ಞಾನೇಶ್ವರನು ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರ ಬರೆದಾಗ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಯಾರಿಗೆಷ್ಟು ಪಾಲೆಂದು ಎಳೆಎಳೆಯಾಗಿ ಬಿಡಿಸಿಟ್ಟಿದ್ದಾನೆ. ಆದರೆ ಕಿರಿಮಗ ಮ್ಯಾಡ್ರಿಡ್ಡಿಗೆ ಹೊರಟರೆ ಮೊಮ್ಮಕ್ಕಳಲ್ಲಿ ಅಜ್ಜಿಯ ಪಾಲೆಷ್ಟು? ಆ ಮಹಾನುಭಾವ ಒಂದಕ್ಷರವನ್ನೂ ಹೇಳಿಲ್ಲ. ಪ್ರಸ್ತುತ ಪ್ರಬಂಧವು ಈ ಶಾಸ್ತ್ರಲೋಪದ ಪರಿಹಾರಾರ್ಥವಾಗಿ ಹುಟ್ಟಿದೆ.

ಅಧ್ಯಯನಕ್ಕೆ ಆಯ್ದುಕೊಂಡ ಕುಟುಂಬ ಹೀಗಿದೆ: ಪುಣೆಯಲ್ಲಿ ಓದಿ ಬೆಂಗಳೂರಿನಲ್ಲಿ ನೌಕರಿ ಹಿಡಿದ ಎಂಜಿನಿಯರ್ ಗಂಡ, ಹುಮನಾಬಾದಿನ ಹೆಂಡತಿ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಊರಲ್ಲಿ ಅಜ್ಜ, ಅಜ್ಜಿ. ಇಂಥದೊಂದು ಕುಟುಂಬ ನಿಜಕ್ಕೂ ಇದೆಯೇ ಎಂದು ಕೇಳುವ ಸಂಶಯವಾದಿಗಳಿಗೆ ಉತ್ತರವಿಷ್ಟೆ: ನ್ಯಾಯಶಾಸ್ತ್ರದ ಘಟವೂ ಪಟವೂ ಯಾವ ಓಣಿಯವೆಂದು ಈತನಕ ಯಾರೂ ವಿಳಾಸ ಕೇಳಿಲ್ಲ.

ಮೊದಲಿಗೆ ಪೂರ್ವಪಕ್ಷ. ಇದನ್ನು ಮಂಡಿಸಿದವರು ಬೀಗರು, ನೆರೆಯವರು ಮತ್ತು ಸೀಮಂತವೊಂದಕ್ಕೆ ಬಂದಿದ್ದ ಒಬ್ಬ ನಿವೃತ್ತ ಮಾಸ್ತರರು. “ಕೂಸುಗಳು ಮಾತು ಮರೀತಾವ್ರಿ. ಅತ್ತ ಅದೂ ಬರಂಗಿಲ್ಲ, ಇತ್ತ ಇದೂ ಇರಂಗಿಲ್ಲ.” ಈ ವಾದವನ್ನು ಮಾಸ್ತರರು ಹೇಳಿದ್ದು ಕನ್ನಡದಲ್ಲಿ, ನಡುವೆ ಚಹಾ ತರಿಸಿದ್ದು ದಖನಿಯಲ್ಲಿ, ಫೋನು ಬಂದಾಗ ನಿಲಂಗಾದ ಅಳಿಯನೊಡನೆ ಮಾತಾಡಿದ್ದು ಮರಾಠಿಯಲ್ಲಿ. ಮೂರೂ ಭಾಷೆಯನ್ನು ಒಂದೇ ಕಪ್ಪಿನೊಳಗೆ ಮುಗಿಸಿದ ಮೇಲೆ ಮಕ್ಕಳ ತಲೆಯಲ್ಲಿ ಇನ್ನೊಂದು ಭಾಷೆಗೆ ಜಾಗವಿಲ್ಲವೆಂದು ತೀರ್ಪು ಕೊಟ್ಟರು.

ಸಿದ್ಧಾಂತಿಯ ಉತ್ತರ. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಅಂದಿನ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಬಾವಿಯ ನೀರು ಕುಡಿಯುವುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಜಗತ್ತಿಗೆ ತೋರಿಸಿದರು. ಅಲ್ಲಿಯ ಜನ ಪದಗಳನ್ನಷ್ಟೇ ಬದಲಿಸುತ್ತಾರೆ, ವಾಕ್ಯದ ಎಲುಬುಗೂಡು ಬಹುಮಟ್ಟಿಗೆ ಒಂದೇ ಎಂಬುದು ಅವರ ಶೋಧ. ಭಾಷಾವಿಜ್ಞಾನಿಗಳು ಅಂದಿನಿಂದ ಬೆರಗಾಗಿಯೇ ಇದ್ದಾರೆ. ಹುಲಸೂರಿನವರಿಗೆ ಇದರಲ್ಲಿ ಬೆರಗಾಗುವುದೇನಿದೆಯೆಂದು ತಿಳಿಯದು. ನಾಲ್ಕು ವರ್ಷದ ಕೂಸು ಭಾಷೆಗಳನ್ನು ಎಣಿಸುವುದಿಲ್ಲ, ಮನುಷ್ಯರನ್ನು ಎಣಿಸುತ್ತದೆ: ಇದು ಅಜ್ಜಿಯ ಜೊತೆ ಆಡುವುದು, ಇದು ಕಿರಾಣಿ ಅಂಗಡಿಯಲ್ಲಿ ಆಡುವುದು, ಇದು ಜಗಳಕ್ಕೆ. ಮ್ಯಾಡ್ರಿಡ್ಡಿನಲ್ಲಿ ಉಯ್ಯಾಲೆಗೆ ಪಾಳಿ ಹಚ್ಚಲು ಇನ್ನೊಂದು. ಮಗಳು ಒಂದನೇ ಇಯತ್ತೆಯಲ್ಲಿ ಬಾಯಿಪಾಠ ಮಾಡಿದ ಞ ಅಕ್ಷರವಂತೂ ನಮ್ಮಲ್ಲಿ ಜ್ಞಾನದ ಒತ್ತಾಗಿ ಅರೆಕಾಲಿಕ ದುಡಿಮೆ ಮಾಡಿಕೊಂಡಿತ್ತು. ಸ್ಪೇನಿನವರು ಅದಕ್ಕೆ ತಮ್ಮ ದೇಶದ ಹೆಸರಿನಲ್ಲೇ (España) ಖಾಯಂ ನೌಕರಿ ಕೊಟ್ಟಿದ್ದಾರೆ.

ಸಂಶೋಧನೆಯ ಅತಿ ದೊಡ್ಡ ಫಲಿತ ಬಂದದ್ದು ಅನಿರೀಕ್ಷಿತ ಮೂಲೆಯಿಂದ. ಈ ಮನೆಯಲ್ಲಿ ಅತಿ ಹೆಚ್ಚು ರಾಜ್ಯ ಕಂಡವರು ಅಜ್ಜ, ಅವರೋ ಹುಲಸೂರಿನ ಕಟ್ಟೆ ಬಿಟ್ಟು ಕದಲಿದವರಲ್ಲ. ಹುಟ್ಟಿದ್ದು ನಿಜಾಮನ ರಾಜ್ಯದಲ್ಲಿ. 1948ರ ಸೆಪ್ಟೆಂಬರ್ 17ರಂದು ಕೂತಲ್ಲೇ ಭಾರತಕ್ಕೆ ಬಂದಿಳಿದರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಮೈಸೂರು ರಾಜ್ಯಕ್ಕೆ ವಲಸೆ ಹೋದರು, ಎದ್ದು ನಿಲ್ಲದೆ. ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ ಮರಾಠಿ ಸೀಮೆಗೂ, ಜಹೀರಾಬಾದ, ನಾರಾಯಣಖೇಡ ತೆಲುಗು ಸೀಮೆಗೂ ಹೋದದ್ದರಿಂದ ಅವರ ಬೀಗರೆಲ್ಲ ಒಂದೇ ರಾತ್ರಿಯಲ್ಲಿ ಹೊರರಾಜ್ಯದವರಾದರು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಅದಕ್ಕೂ ಮುಂಚೆ, 2017ರ ಬಜೆಟ್ಟು ಹುಲಸೂರನ್ನೇ ತಾಲ್ಲೂಕೆಂದು ಸಾರಿದ್ದರಿಂದ, ಅವರು ಬಸವಕಲ್ಯಾಣ ತಾಲ್ಲೂಕನ್ನೂ ತೊರೆಯಬೇಕಾಯಿತು. ಬಾಲ್ಯದಲ್ಲಿ ಅಕ್ಷರ ಕಲಿತದ್ದು ಉರ್ದುವಿನಲ್ಲಿ. ಮುಂದೆ ಅದೇ ಗೋಡೆ, ಅದೇ ಹಲಗೆ, ಭಾಷೆ ಮಾತ್ರ ಕನ್ನಡ. ಮಕ್ಕಳ ಮೇಲೆ ಶಿಕ್ಷಣ ಮಾಧ್ಯಮ ಬದಲಾವಣೆಯ ಪರಿಣಾಮವೇನು ಎಂದು ಸಂಶೋಧಕರು ಗಂಭೀರವಾಗಿ ವಿಚಾರಿಸಿದಾಗ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ನಾ ಎಲ್ಲೂ ಹೋಗಿಲ್ಲೋ ತಮ್ಮಾ. ಸರ್ಕಾರಗೋಳೇ ಬಂದ್ ಬಂದ್ ಹೋಗ್ಯಾವ.”

ಇಲ್ಲೊಂದು ಉಪಪ್ರಶ್ನೆ ಏಳುತ್ತದೆ. ದಸರೆ ಮುಗಿಯುತ್ತಲೇ ಈ ಸೀಮೆಯ ತಾಂಡಾಗಳಿಂದ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಕಬ್ಬು ಕಡಿಯಲು, ಇಟ್ಟಿಗೆ ಹೊರಲು ಜನ ಮಹಾರಾಷ್ಟ್ರಕ್ಕೂ ಹೈದರಾಬಾದಿಗೂ ಹೋಗುತ್ತಾರೆ. ಆ ಮಕ್ಕಳ ಮಾತು, ಶಾಲೆ, ಊಟದ ಬಗ್ಗೆ ಸೀಮಂತದ ಮನೆಯಲ್ಲಿ ಪೂರ್ವಪಕ್ಷವೇ ಹುಟ್ಟಿದ್ದಿಲ್ಲ. ಶಾಸ್ತ್ರಕಾರರ ಮೌನವನ್ನು ಪರಿಶೀಲಿಸಲಾಗಿ ನಿಯಮ ಸ್ಪಷ್ಟವಾಯಿತು: ಟ್ರ್ಯಾಕ್ಟರ್ ಹತ್ತಿ ಹೋಗುವುದು ವಲಸೆ, ವಿಮಾನ ಹತ್ತಿದರೆ ಮಾತ್ರ ಮೀಮಾಂಸೆ.

ವಿಮಾನಕ್ಕೂ ಮೊದಲು ಹೊರಡುವುದು ಕಾಗದ. ಜನನ ಪ್ರಮಾಣಪತ್ರಕ್ಕೆ ಬೆಂಗಳೂರಿನಲ್ಲೊಂದು ಸಹಿ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮೊಹರು, ಅದರ ಮೇಲೆ ಪ್ರಮಾಣವಚನ ಸ್ವೀಕರಿಸಿದ ಅನುವಾದಕನ ಸ್ಪ್ಯಾನಿಷ್ ಪ್ರತಿ. ಮಗು ಹುಟ್ಟಿದ್ದನ್ನು ಕಣ್ಣಾರೆ ಕಂಡ ಸೂಲಗಿತ್ತಿಯ ಸಾಕ್ಷ್ಯಕ್ಕೆ ಮ್ಯಾಡ್ರಿಡ್ಡಿನಲ್ಲಿ ಮಾನ್ಯತೆ ಇಲ್ಲ. ಅಲ್ಲಿಗೆ ಮುಟ್ಟಿದ ಮೇಲೆ ನಗರಸಭೆಯಲ್ಲಿ ಎಂಪಾದ್ರೋನಾಮಿಯೆಂತೊ ಎಂಬ ನಿವಾಸಿ ನೋಂದಣಿ. ಮಕ್ಕಳ ಶಾಲೆಯ ಬಾಗಿಲಿಗೂ ದವಾಖಾನೆಯ ಬಾಗಿಲಿಗೂ ಅದೇ ಕೀಲಿ. ಕಡ್ಡಾಯ ಶಿಕ್ಷಣ ಆರರಿಂದ ಹದಿನಾರರವರೆಗೆ, ಆದರೆ ಮೂರು ವರ್ಷಕ್ಕೇ ಪುಕ್ಕಟೆ ಶಾಲೆ ಸಿಗುತ್ತದೆ. ಈ ಪುಕ್ಕಟೆ ಎಂಬ ಭಾಗವನ್ನು ಬೆಂಗಳೂರಿನಲ್ಲಿ ಎಲ್‌ಕೆಜಿ ಫೀ ಕಟ್ಟಿದ ತಂದೆ ಎರಡು ಸಲ ಓದಿದ.

ನೋಂದಣಿಯ ಅರ್ಜಿಯಲ್ಲಿ ಎರಡು ಅಡ್ಡಹೆಸರುಗಳಿಗೆ ಎರಡು ಕೋಣೆ. ಸ್ಪೇನಿನವರಿಗೆ ತಂದೆಯದೊಂದು, ತಾಯಿಯದೊಂದು. 1999ರ ಕಾಯ್ದೆ ಬಂದ ಮೇಲೆ ತಾಯಿಯದನ್ನೇ ಮುಂದಿಡಲೂಬಹುದು. ತಂದೆ ಬಿರಾದಾರ, ತಾಯಿಯ ತವರು ಪಾಟೀಲ. ಎರಡನೇ ಕೋಣೆ ಖಾಲಿ ಬಿಡಲು ಮನಸ್ಸೊಪ್ಪದ ತಾಯಿ ಅದನ್ನೂ ತುಂಬಿದಳು. ಹೀಗೆ ಒಂದು ಅರ್ಜಿಯ ಬಲದಿಂದ ಏಳು ವರ್ಷದ ಹುಡುಗಿ ಎರಡು ಊರುಗಳ ಗೌಡಿಕೆಗೆ ಏಕಕಾಲಕ್ಕೆ ವಾರಸುದಾರಳಾದಳು. ಗುಮಾಸ್ತೆ ಪಾಸ್‌ಪೋರ್ಟ್ ನೋಡಿ ಪಾಟೀಲಿಕೆಯನ್ನು ಹೊಡೆದುಹಾಕಿದ್ದು ಬೇರೆ ಮಾತು. ಹುಮನಾಬಾದಿನಲ್ಲಿ ಆ ವಾರವೆಲ್ಲ ಸೂತಕದ ವಾತಾವರಣ.

ಆಹಾರ ಮತ್ತು ಕಾಲ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತು ದಾಟಿ. ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಮಕ್ಕಳು ಚೌಕದಲ್ಲಿ ಚೆಂಡೊದೆಯುತ್ತಿರುತ್ತಾರೆ. ಇದು ಸೋಮಾರಿತನವಲ್ಲ. ಸ್ಪೇನಿನ ಬಹುಭಾಗ ಲಂಡನ್ನಿಗಿಂತಲೂ ಪಶ್ಚಿಮಕ್ಕಿದ್ದರೂ 1940ರಲ್ಲಿ ಫ್ರಾಂಕೋ ಗಡಿಯಾರವನ್ನು ಬರ್ಲಿನ್ನಿನ ಜೊತೆ ಕಟ್ಟಿದ, ಮತ್ತೆ ಬಿಚ್ಚಿದವರಿಲ್ಲ. ಸೂರ್ಯ ಪಾಪ ಹಳೆಯ ವೇಳೆಗೇ ಮುಳುಗುತ್ತಾನೆ. ಬೀದರದ ಏಪ್ರಿಲ್ ಬಿಸಿಲಿನಲ್ಲಿ ಊಟವಾದ ಮೇಲೆ ಕದ ಹಾಕಿಕೊಂಡು ಮಲಗಿ ಬೆಳೆದ ಮಕ್ಕಳಿಗೆ ಮಧ್ಯಾಹ್ನದ ನಿದ್ದೆಯನ್ನು ಹೊಸದಾಗಿ ಕಲಿಸಬೇಕಾಗಲಿಲ್ಲ. ಗೂಳಿಯ ವಿಷಯದಲ್ಲೂ ಅಷ್ಟೆ: ಜುಲೈ 7ರಿಂದ 14ರವರೆಗೆ ಪಂಪ್ಲೋನಾದ ಬೀದಿಯಲ್ಲಿ ಗೂಳಿಗಳ ಮುಂದೆ ಜನ ಓಡುವುದನ್ನು ಟಿವಿಯಲ್ಲಿ ನೋಡಿದ ಮಗ, ಕಾರಹುಣ್ಣಿಮೆಗೆ ನಮ್ಮ ಎತ್ತುಗಳ ಹಿಂದೆ ಜನ ಓಡುತ್ತಾರೆ, ಇವರಿಗೆ ಮುಂದು ಹಿಂದು ತಿಳಿಯುವುದಿಲ್ಲ ಎಂದ. ಇನ್ನು ಅಡುಗೆಮನೆಯ ಮಾತು: ಮೆಣಸಿನಕಾಯಿ, ಶೇಂಗಾ, ಸೀತಾಫಲಗಳು ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದು ನಮ್ಮ ಹೊಲದಲ್ಲಿ ನೆಲೆನಿಂತು ಶತಮಾನಗಳೇ ಆದವು. ಅಜ್ಜಿ ಮೊದಲೆರಡನ್ನು ಪುಡಿ ಮಾಡಿ ಡಬ್ಬಿ ತುಂಬಿ ತಿರುಗಿ ಹಡಗಿನವರ ಸೀಮೆಗೆ ಕಳಿಸಿದಳು, ಅಲ್ಲಿ ಖಾರ ಸಿಗುತ್ತದೋ ಇಲ್ಲವೋ ಎಂದು.

ಕೊನೆಯದಾಗಿ ದಂತಪ್ರಕರಣ, ಇದು ಇನ್ನೂ ಇತ್ಯರ್ಥವಾಗಿಲ್ಲ. ಮಗಳ ಮುಂದಿನ ಹಲ್ಲು ಬಿತ್ತು. ಸಗಣಿಯಲ್ಲಿ ಸುತ್ತಿ ಮನೆ ಮಾಳಿಗೆಯ ಮೇಲೆ ಒಗೆಯಬೇಕು, ಇಲ್ಲದಿದ್ದರೆ ಹೊಸ ಹಲ್ಲು ಸೊಟ್ಟ ಬರುತ್ತದೆ ಎಂಬುದು ಅಜ್ಜಿಯ ಸ್ಮೃತಿವಾಕ್ಯ. ನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿ ಸಗಣಿಯೂ ಇಲ್ಲ, ಸ್ವಂತ ಮಾಳಿಗೆಯೂ ಇಲ್ಲ. ಅಲ್ಲಿ ಹಲ್ಲಿನ ಖಾತೆ ಪೆರೆಸ್ ಎಂಬ ಇಲಿಯ ವಶದಲ್ಲಿದೆ. 1894ರಲ್ಲಿ ಬಾಲದೊರೆ ಹದಿಮೂರನೇ ಆಲ್ಫೋನ್ಸೊನ ಹಲ್ಲು ಬಿದ್ದಾಗ ಲೂಯಿಸ್ ಕೊಲೋಮ ಎಂಬ ಪಾದ್ರಿ ಬರೆದ ಕಥೆಯಿಂದ ಮನೆಮಾತಾದ ಇಲಿ ಅದು. ಮ್ಯಾಡ್ರಿಡ್ಡಿನ ಅರೆನಾಲ್ ಬೀದಿಯ 8ನೇ ನಂಬರಿನಲ್ಲಿ ಅದರ ವಾಸವಿತ್ತೆಂದು ಫಲಕವೇ ಇದೆ. ದಿಂಬಿನಡಿ ಹಲ್ಲಿಟ್ಟರೆ ಒಯ್ದು ಕಾಸು ಬಿಟ್ಟುಹೋಗುತ್ತದೆ. ಶ್ರುತಿ–ಸ್ಮೃತಿ ವಿರೋಧ ಬಂದಾಗ ಏನು ಮಾಡಬೇಕೆಂದು ಶಾಸ್ತ್ರವಿದೆ. ಮಾಳಿಗೆ–ಇಲಿ ವಿರೋಧಕ್ಕೆ ಇಲ್ಲ. ತಂದೆ ತಾಯಿ ಎರಡು ದಿನ ಚರ್ಚಿಸುವುದರೊಳಗೆ ಹುಡುಗಿ ಹಲ್ಲನ್ನು ದಿಂಬಿನಡಿಗಿಟ್ಟು ಒಂದು ಯೂರೋ ಗಳಿಸಿಯಾಗಿತ್ತು. ಆ ಸಂಜೆ ಅಜ್ಜಿಗೆ ವಿಡಿಯೋ ಕರೆ ಮಾಡಿ, ಹುಲಸೂರಿನ ಮಾಳಿಗೆ ಮೇಲೆ ಅಪ್ಪ ಒಗೆದ ಹಲ್ಲುಗಳಿಗೆ ಇಲ್ಲಿಯವರೆಗೆ ಎಷ್ಟು ರೊಕ್ಕ ಬಂದಿದೆ, ಬಡ್ಡಿ ಸೇರಿಸಿ ಹೇಳು ಎಂದು ಕೇಳಿದಳು. ಅಜ್ಜಿ ಫೋನನ್ನು ಅಜ್ಜನ ಕೈಗೆ ಕೊಟ್ಟಳು. ಅಜ್ಜ, ಅದು ನಿಜಾಮನ ಕಾಲದ ಲೆಕ್ಕ, ಆ ಸರ್ಕಾರ ಹೋಯ್ತು ಎಂದು ಹೇಳಿ ಫೋನು ಇಟ್ಟುಬಿಟ್ಟರು.