ಯಶಸ್ವಿನಿ ಬಿಡುವ ಮುಂಚೆ: ಸೊಸೈಟಿಯ ಸದಸ್ಯರಿಗೊಂದು ಬಹಿರಂಗ ಪತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಸೇವಾ ಸಹಕಾರಿ ಸಂಘಗಳ ಸದಸ್ಯ ಬಂಧುಗಳೇ,

ಸೊಸೈಟಿಯ ಕೌಂಟರಿನಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಯ ಅರ್ಜಿಯ ಕಟ್ಟು ಇಟ್ಟಿದ್ದರೂ ಕೈಹಾಕುವವರು ಕಡಿಮೆಯಾಗುತ್ತಿದ್ದಾರೆ. ಕೇಳಿದರೆ, ‘ಯಶಸ್ವಿನಿ ಎಂತಕ್ಕೆ, ಮಾಣಿ ಬೆಂಗ್ಳೂರಲ್ಲಿ ಪಾಲಿಸಿ ಮಾಡ್ಸಿದ್ದ’ ಎಂಬ ಉತ್ತರ. ಮಗನ ಕಾಳಜಿ ದೊಡ್ಡದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೈಯಲ್ಲಿರುವುದನ್ನು ಬಿಡುವ ಮುಂಚೆ ಒಮ್ಮೆ ಕೂತು ಲೆಕ್ಕ ಹಾಕೋಣ ಎಂದು ಕೇಳಿಕೊಳ್ಳುತ್ತೇನೆ.

ಖಾಸಗಿ ಪಾಲಿಸಿಯಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ ಹೋಗಿದೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ತಡೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ತೆಗೆದಿದೆ. ಬೇಕಾದ ಊರಿನ ದೊಡ್ಡ ಆಸ್ಪತ್ರೆ, ಪ್ರತ್ಯೇಕ ಕೋಣೆ ಎಲ್ಲ ಸಿಗಬಹುದು. ಯಶಸ್ವಿನಿಯಲ್ಲಿ ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ದುಡ್ಡು, ಜನರಲ್ ವಾರ್ಡು. ಇದು ನಿಜವೇ.

ಆದರೆ ಖಾಸಗಿ ಕಂಪನಿ ಕಂತು ನಿಗದಿ ಮಾಡುವುದು ನಿಮ್ಮ ವಯಸ್ಸು ನೋಡಿ, ಕಾಯಿಲೆ ಕೇಳಿ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ವಯಸ್ಸಾದಷ್ಟೂ ಕಂತು ಏರುತ್ತದೆ. ನನ್ನ ಪಕ್ಕದ ಮನೆಯವರದು ಒಂದು ಎಕರೆ ಅಡಕೆ ತೋಟ, ಎಪಿಎಲ್ ಕಾರ್ಡು. ಏಜೆಂಟ್ ತಾನೇ ಅರ್ಜಿ ತುಂಬಿ, ಇವರಿಂದ ಸಹಿ ಹಾಕಿಸಿಕೊಂಡು ಹೋಗಿದ್ದ. ಎದೆನೋವಿಗೆ ಸ್ಟೆಂಟ್ ಹಾಕಿಸಿದ ಮೇಲೆ ಕಂಪನಿಯಿಂದ ಕಾಗದ ಬಂತು: ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಮುಚ್ಚಿಟ್ಟಿದ್ದೀರಿ, ಕ್ಲೇಮ್ ಕೊಡಲಾಗದು. ಆ ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು ಅವರು ಅಡಕೆ ಮಂಡಿಗೆ ಮುಂಗಡ ಕೇಳಲು ಹೋದರು. ಬಿಪಿ ಇದೆಯೇ ಎಂದು ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಯಶಸ್ವಿನಿ ಹುಟ್ಟಿದ್ದು ಇಂಥವರಿಗಾಗಿ. ಡಾ. ದೇವಿ ಶೆಟ್ಟಿಯವರ ಕಲ್ಪನೆಯನ್ನು ಹಿಡಿದು ರಾಜ್ಯದ ಸಹಕಾರ ಇಲಾಖೆ 2003ರಲ್ಲಿ ಇದನ್ನು ಜಾರಿಗೆ ತಂದಾಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ವಿಮಾ ಕಂಪನಿಯ ಲಾಭ ನಡುವೆ ಇರಲಿಲ್ಲ. ಸದಸ್ಯರ ದುಡ್ಡು, ಸರ್ಕಾರದ ಪಾಲು ಎರಡೂ ಯಶಸ್ವಿನಿ ಟ್ರಸ್ಟಿಗೆ ಹೋಗಿ, ಅಲ್ಲಿಂದ ನೇರ ಆಸ್ಪತ್ರೆಗೆ. 2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿಬಿಟ್ಟರು. ಮುಂದಿನ ನಾಲ್ಕು ವರ್ಷ ಪೆಟ್ಟು ತಿಂದವರು ನಮ್ಮ ಸೀಮೆಯ ಸಣ್ಣ ತೋಟಿಗರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕಾರ್ಡಿನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಉಳಿದ 70 ನಮ್ಮ ತಲೆಯ ಮೇಲೆ. ಅಡಕೆಗೆ ಕೊಳೆರೋಗ ಬಂದು ಅರ್ಧ ಫಸಲು ಉದುರಿದ ವರ್ಷದಲ್ಲೂ ಕಾರ್ಡಿನ ಬಣ್ಣ ಬದಲಾಗುವುದಿಲ್ಲವಲ್ಲ!

ಒತ್ತಾಯದ ಮೇಲೆ 2022ರಲ್ಲಿ ಮತ್ತೆ ಘೋಷಣೆಯಾಗಿ ಯಶಸ್ವಿನಿ ಮರಳಿತು. ಗ್ರಾಮೀಣ ಸಂಘದ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಅಮ್ಮನಿಗೆ ವಯಸ್ಸಾಗಿದೆ ಎಂದು ಕಂತು ಹೆಚ್ಚಿಸುವುದಿಲ್ಲ, ಹಳೆಯ ಕಾಯಿಲೆ ಇದೆ ಎಂದು ಹೊರಗಿಡುವುದಿಲ್ಲ. ಗಟ್ಟಿಮುಟ್ಟಾದವರೂ ನೋವಿರುವವರೂ ಒಂದೇ ಗಂಟಿಗೆ ದುಡ್ಡು ಹಾಕುವುದರಿಂದಲೇ ಇದು ಸಾಧ್ಯ. ಅನುಕೂಲಸ್ಥರೂ ಆರೋಗ್ಯವಂತರೂ ಒಬ್ಬೊಬ್ಬರಾಗಿ ಹೊರಬಿದ್ದರೆ ಒಳಗುಳಿಯುವವರು ಕಾಯಿಲೆಯವರು ಮಾತ್ರ. ಆಗ ಗಂಟು ಖಾಲಿಯಾಗುತ್ತದೆ. ಯೋಜನೆಯನ್ನು ಎರಡನೇ ಸಲ ಮುಚ್ಚುವುದಕ್ಕೆ ಸರ್ಕಾರಕ್ಕೆ ನೆಪವೂ ಸಿಗುತ್ತದೆ.

ಹಾಗೆಂದು ಇರುವುದಕ್ಕೆ ಕೈಮುಗಿದು ಕೂರಬೇಕೆಂದಲ್ಲ. ಪ್ಯಾಕೇಜ್ ದರ ಸಾಲದು, ಬಿಲ್ಲು ಬಾಕಿ ಎಂದು ಆಸ್ಪತ್ರೆಗಳು ಹಿಂದೆ ಸರಿದರೆ ಕಾರ್ಡು ಇದ್ದೂ ಪ್ರಯೋಜನವಿಲ್ಲ. ಅದಕ್ಕಿಂತ ದೊಡ್ಡ ಕೊರತೆಗೆ ಯಾವ ಪಾಲಿಸಿಯಲ್ಲೂ ಔಷಧಿಯಿಲ್ಲ. ಹೃದಯ, ಮಿದುಳಿನ ದೊಡ್ಡ ಚಿಕಿತ್ಸೆಗೆ ಇವತ್ತಿಗೂ ನಾವು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು. ಸಾವಿರ ರೂಪಾಯಿಯ ಪಾಲಿಸಿಯಾಗಲಿ, ಐವತ್ತು ಸಾವಿರದ್ದಾಗಲಿ, ಬನವಾಸಿಯಲ್ಲಿ ರಾತ್ರಿ ಎದೆನೋವು ಬಂದವನಿಗೆ ಹುಬ್ಬಳ್ಳಿ ಹತ್ತಿರವಾಗುವುದಿಲ್ಲ. ಸಿದ್ದಾಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಗನ ಕಾಯಿಲೆಯ ಜ್ವರ ಏರಿದಾಗ ಮಣಿಪಾಲದ ದಾರಿ ಎಷ್ಟು ಉದ್ದ ಎಂದು ಅವರು ಬಲ್ಲರು.

ಈ ಕೊರತೆಗಳನ್ನು ಸಂಘವಾಗಿಯೇ ಕೇಳಬೇಕು. ಬೆಳೆ ವಿಮೆಯಲ್ಲಿ ನಾವು ಮಾಡಿದ್ದನ್ನು ನೆನಪಿಸಿಕೊಳ್ಳಿ. ಮಳೆಮಾಪನ ಯಂತ್ರದ ಲೆಕ್ಕ ಸರಿಯಿಲ್ಲವೆಂದು ಪರಿಹಾರ ತಡವಾದಾಗ ಯಾರೂ ಒಬ್ಬರೇ ಕಾಲ್‌ಸೆಂಟರಿಗೆ ಫೋನು ಹಚ್ಚಿ ಕಾಯಲಿಲ್ಲ. ಸೊಸೈಟಿಗಳು ಲೆಕ್ಕ ತೆಗೆದವು, ಅಧಿಕಾರಿಗಳನ್ನು ಕರೆಸಿ ಕೇಳಿದವು. ಅಡಕೆ ಮಾರಲು 1923ರಲ್ಲಿ ಕಟ್ಟಿದ ಶಿರಸಿಯ ತೋಟಗಾರ್ಸ್ ಸೊಸೈಟಿಯ ಹೆಸರಿನಲ್ಲಿ ಇವತ್ತು ಆಸ್ಪತ್ರೆಯೇ ಇದೆ. ಸಂಘವಾಗಿ ಕೇಳುವ, ಸಂಘವಾಗಿ ಕಟ್ಟುವ ಶಕ್ತಿ ನಮಗೆ ಹೊಸದಲ್ಲ. ಖಾಸಗಿ ಪಾಲಿಸಿ ಕೊಂಡವನು ಮಾತ್ರ ತನ್ನ ಕಾಗದ ಹಿಡಿದು ಒಂಟಿಯಾಗಿ ನಿಲ್ಲುತ್ತಾನೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಅರ್ಹರಾದವರೆಲ್ಲ ಕೊನೆಯ ದಿನಾಂಕ ಕಾಯದೆ ಆಧಾರ್, ರೇಷನ್ ಕಾರ್ಡು, ಫೋಟೋ ಹಿಡಿದು ಸೊಸೈಟಿಗೆ ಬನ್ನಿ. ಬರುವ ಸರ್ವಸಾಧಾರಣ ಸಭೆಯಲ್ಲಿ ಊಟದ ಹೊತ್ತಿಗೆ ಮುಂಚೆ, ಜನ ಇರುವಾಗಲೇ, ಈ ಠರಾವು ಮಂಡಿಸಿ: ಆಸ್ಪತ್ರೆಗಳ ದರ ಪರಿಷ್ಕರಣೆಯಾಗಲಿ, ಬಾಕಿ ಹಣ ಹೊತ್ತಿಗೆ ಸಂದಾಯವಾಗಲಿ, ಜಿಲ್ಲೆಯಲ್ಲೇ ಹೃದಯ ಮತ್ತು ಅಪಘಾತ ಚಿಕಿತ್ಸೆಯ ವ್ಯವಸ್ಥೆಯಾಗಲಿ. ಒಂದು ಪ್ರತಿ ಸಹಕಾರ ಸಚಿವರಿಗೆ, ಒಂದು ಆರೋಗ್ಯ ಸಚಿವರಿಗೆ, ಒಂದು ನಮ್ಮ ಶಾಸಕರಿಗೆ. ಸೂಚಕರು ಸಿಗದಿದ್ದರೆ ನನ್ನ ಹೆಸರು ಬರೆದುಕೊಳ್ಳಿ.

ಇಂತಿ ನಿಮ್ಮ ಸಹಸದಸ್ಯ