ನೊಣದ ಮೇಷ್ಟ್ರು

ಆದಿವಾಲದ ಕಡೆ ಹೊಲದ ಬದುವಿನಲ್ಲಿ ಯಾರಾದರೂ ಮಂಡಿಯೂರಿ, ಉಸಿರು ಬಿಗಿಹಿಡಿದು, ಕೊತ್ತಂಬರಿ ಹೂವಿಗೆ ಮೊಬೈಲ್ ಒಡ್ಡಿ ಕೂತಿದ್ದರೆ ಗಾಬರಿಯಾಗಬೇಡಿ. ಅವರು ನೊಣದ ಮೇಷ್ಟ್ರು. ರಿಟೈರಾದ ಮೇಲೆ ಜೊತೆಯವರು ಯೋಗ ಹಿಡಿದರು, ಚೀಟಿ ವ್ಯವಹಾರ ಹಿಡಿದರು. ಇವರು ಹೂನೊಣ ಹಿಡಿದರು, ಅದೂ ಫೋಟೋದಲ್ಲಿ ಮಾತ್ರ. ಹಕ್ಕಿ ಫೋಟೋ ತೆಗೆಯುವವರಿಗೆ ಊರಲ್ಲಿ ಒಂದು ಮರ್ಯಾದೆಯಿದೆ. ನೊಣದವರಿಗೆ ಸಿಗುವುದು ಅನುಕಂಪ.

"ಜೇನು ಕಚ್ಚೀತು ಮೇಷ್ಟ್ರೇ, ಹುಷಾರು" ಎಂದರೆ ಸಾಕು, ಪಾಠ ಶುರು. ಜೇನಿಗೆ ರೆಕ್ಕೆ ನಾಲ್ಕು, ಇದಕ್ಕೆ ಎರಡೇ. ಮೀಸೆ ಮೋಟು, ಕೊಂಡಿ ಇಲ್ಲವೇ ಇಲ್ಲ. ಹಳದಿ-ಕಪ್ಪು ಪಟ್ಟೆ ಹಕ್ಕಿಗಳನ್ನು ಹೆದರಿಸುವ ವೇಷ. ಸಾಮಾನ್ಯವಾಗಿ ಕಣ್ಣೆರಡೂ ನೆತ್ತಿಯಲ್ಲಿ ಕೂಡಿದ್ದರೆ ಗಂಡು, ನಡುವೆ ಬೈತಲೆಯಂತೆ ಜಾಗ ಬಿಟ್ಟಿದ್ದರೆ ಹೆಣ್ಣು.

ಇಷ್ಟೆಲ್ಲ ಹೇಳಿದವರು ಹೆಸರು ಕೇಳಿದರೆ ಮಾತ್ರ ಜಾರಿಕೊಳ್ಳುತ್ತಾರೆ. ಅಳಿಯ ಬೆಂಗಳೂರಿನಿಂದ ಕಳಿಸಿದ ಫೋಟೋಗೂ ಅದೇ ಉತ್ತರ: "ಬೆನ್ನು ಚೆನ್ನಾಗಿದೆ ಅಳಿಯಂದ್ರೇ, ಮುಖ ಎಲ್ಲಿ? ಹಿಂಗಾಲಿಂದೂ ಒಂದು ಕಳಿಸಿ." ನೊಣ ಅಷ್ಟರಲ್ಲಿ ಮೆಜೆಸ್ಟಿಕ್ ದಾಟಿರುತ್ತದೆ.

ಮೇಷ್ಟ್ರದೇನೂ ತಪ್ಪಿಲ್ಲ. ಜಗತ್ತಿನಲ್ಲಿ ಹೂನೊಣದ ಪ್ರಭೇದಗಳು ಸುಮಾರು 6,000. ಪ್ಯಾರಾಗಸ್, ಸ್ಫೀರೊಫೋರಿಯದಂಥ ಕುಲಗಳಲ್ಲಂತೂ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಎಷ್ಟೋ ಪ್ರಭೇದಗಳನ್ನು ಗುರುತಿಸಲಾಗದು. ಈ ಮಾತನ್ನು ಮೇಷ್ಟ್ರು ಬೀಗರ ಮನೆಯ ಪಂಕ್ತಿಯಲ್ಲಿ ವಿವರಿಸಿ, ಪಾಯಸ ಬಡಿಸುವವರು ನಿಂತಲ್ಲೇ ನಿಂತದ್ದುಂಟು.

ಅವರ ಮನೆದೇವರು ಎನ್ರಿಕೊ ಬ್ರೂನೆಟ್ಟಿ. ವೃತ್ತಿ ಸಂಗೀತ, ಹುಚ್ಚು ನೊಣದ್ದು, ಬ್ರಿಟಿಷ್ ಇಂಡಿಯಾದ ಪ್ರಾಣಿಗಳ ಗ್ರಂಥಮಾಲೆಗೆ ಹೂನೊಣಗಳ ಸಂಪುಟ ಬರೆದ, ಅಚ್ಚಾದದ್ದು 1923ರಲ್ಲಿ. "ಅವನು ವಾದ್ಯ ನುಡಿಸಿಕೊಂಡೇ ನೊಣ ನೋಡಿದ, ನಾನು ಪೆನ್ಷನ್ ತಗೊಂಡು ನೋಡಬಾರದಾ?" ಎಂದು ಮೇಷ್ಟ್ರು ಕೇಳುತ್ತಾರೆ. "ಅವರು ತರಕಾರಿನೂ ತರ್ತಿದ್ರೇನೋ" ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ.

ಹೊಲದವರಿಗೆ ಹೆಸರು ಬೇಕಿಲ್ಲ. "ಔಷಧಿ ಹೊಡೀಲಾ, ಬ್ಯಾಡ್ವಾ?" ಇಷ್ಟೇ ಅವರ ಪ್ರಶ್ನೆ. ಆಗ ಮೇಷ್ಟ್ರು ತಡವರಿಸುವುದಿಲ್ಲ. ಅಲಸಂದೆಯ ಕುಡಿ ಬಗ್ಗಿಸಿ ತೋರಿಸುತ್ತಾರೆ: ಕಪ್ಪು ಹೇನುಗಳ ನಡುವೆ ಕಾಲಿಲ್ಲದ, ಹಸಿರು ಬಣ್ಣದ ಪುಟ್ಟ ಹುಳ. ಇಸ್ಕಿಯೋಡಾನ್ ಎಂಬ ಹೂನೊಣದ ಮರಿ. ಅದು ಹೇನೊಂದನ್ನು ಬಾಯಲ್ಲಿ ಮೇಲೆತ್ತಿ, ರಸ ಹೀರಿ, ಸಿಪ್ಪೆ ಬಿಸಾಕಿ ಇನ್ನೊಂದಕ್ಕೆ ತಡಕುತ್ತದೆ. ಇಂಥ ಹುಳ ನಿಮ್ಮ ಬೆಳೆಯಲ್ಲೂ ಕಂಡರೆ ಔಷಧಿ ಕ್ಯಾನನ್ನು ಸ್ವಲ್ಪ ಕೆಳಗಿಡಿ. ದೊಡ್ಡ ನೊಣ ಕಂಡರೆ ಫೋಟೋ ತೆಗೆಯಿರಿ, ಆದರೆ ಬೆನ್ನು, ಮುಖ, ಪಕ್ಕ ಮೂರೂ ಬರಲಿ. ಇಲ್ಲದಿದ್ದರೆ ಮೇಷ್ಟ್ರು ನಿಮ್ಮನ್ನೂ ಬಿಡುವವರಲ್ಲ.